ಬಿಳಿ ಕಾರು ಮತ್ತು ಮೂಲದ ಪ್ರಶ್ನೆ

ಹಳೇ ಕಾರೊಂದನ್ನು ಬಿಚ್ಚಿ ಹಾಕಿ, ತುಕ್ಕು ಕೆರೆದು, ಬಣ್ಣ ಬಳಿದು, ಹುಟ್ಟಿದ ದಿನ ಇದ್ದಂತೆ ಮತ್ತೆ ನಿಲ್ಲಿಸುವುದು ಉಳ್ಳವರ ಖಯಾಲಿ, ಅದರ ಬಗ್ಗೆ ನೀವು ಯಾಕೆ ಬರೆಯಬೇಕು ಎಂದು ಕೆಲವು ಗೆಳೆಯರು ಕೇಳಿದರು. ಭೂಮಿ, ಕೂಲಿ, ಹಾಸ್ಟೆಲ್ಲು, ತುಂಬದ ಬ್ಯಾಕ್‌ಲಾಗ್ ಹುದ್ದೆ ಇವೆಲ್ಲ ಎದುರಿಗಿರುವಾಗ ಕಾರಿನ ಮಾತೇನು ಅಂತ. ಕೇಳಿದ್ದು ನ್ಯಾಯವೇ. ಆದರೂ ಬರೆಯುತ್ತಿದ್ದೇವೆ. ಯಾಕೆಂದರೆ ಆ ಖಯಾಲಿಯ ಹೊಟ್ಟೆಯಲ್ಲಿ ಒಂದು ಮಾತು ಕೂತಿದೆ, 'ಒರಿಜಿನಲ್' ಎಂಬ ಮಾತು. ಹುಟ್ಟಿದಾಗ ಹೇಗಿತ್ತೋ ಹಾಗೇ ಉಳಿದಿದ್ದರೆ ಬೆಲೆ. ನಡುವೆ ಯಾರ ಯಾರದೋ ಕೈ ತಾಗಿ ಬದಲಾಗಿದ್ದರೆ ಬೆಲೆ ಇಲ್ಲ. ಈ ತೀರ್ಪು ಬರೀ ತಗಡು ಕಬ್ಬಿಣದ ಬಗ್ಗೆ ಹೇಳಿದ್ದು ಎಂದು ನಂಬಲು ನಮ್ಮ ಕಿವಿ ಒಪ್ಪುತ್ತಿಲ್ಲ. ಇದನ್ನು ನಾವು ಬೇರೆ ಕಡೆ ಕೇಳಿದ್ದೇವೆ. ಬಾವಿಕಟ್ಟೆಯ ಹತ್ತಿರ, ದೇವಸ್ಥಾನದ ಮೆಟ್ಟಿಲ ಹತ್ತಿರ, ಮದುವೆ ಮಾತುಕತೆಯ ಪಡಸಾಲೆಯಲ್ಲಿ ಕೇಳಿದ್ದೇವೆ.

ನಮ್ಮದು ಹೊಸದುರ್ಗ ತಾಲ್ಲೂಕಿನ ಮತ್ತೋಡು. ಕೇರಿಯ ಕೊನೆಗೆ ದೊಡ್ಡಪ್ಪನ ದನದ ಕೊಟ್ಟಿಗೆ ಇದೆ. ದನ ಮಾರಿ ಬಹಳ ವರ್ಷವಾಯಿತು. ಈಗ ಅಲ್ಲಿ ಇರುವುದು ಒಂದು ಅಂಬಾಸಿಡರ್ ಕಾರು, 1984ರ ಮಾರ್ಕ್ ಫೋರ್. ಮೊದಲು ಸರ್ಕಾರದ ಒಂದು ಇಲಾಖೆಯಲ್ಲಿ ಸಾಹೇಬರನ್ನು ಹೊತ್ತು ತಿರುಗಿತು. ಹರಾಜಿನಲ್ಲಿ ಒಬ್ಬ ಕಂಟ್ರಾಕ್ಟರ್ ಕೈಗೆ ಬಂತು. ಅವನಿಗೂ ಬೇಡವಾದಾಗ, ಅವನ ಲಾರಿ ಓಡಿಸುತ್ತಿದ್ದ ದೊಡ್ಡಪ್ಪನಿಗೆ ಸಂಬಳದ ಬಾಕಿಗೆ ಬದಲು ಬಂತು. ಡ್ರೈವರನಿಗೆ ಕಾರು ಕೊಟ್ಟ ಧಣಿ ಎಂದು ಊರು ಹೊಗಳಿತಂತೆ. ಸಂಬಳ ಕೊಡದ ಧಣಿ ಎಂದು ಯಾರೂ ಅನ್ನಲಿಲ್ಲ. ಆ ಕಾರು ಕೇರಿಯ ಎಷ್ಟೋ ಹೆರಿಗೆಗೆ, ಎಷ್ಟೋ ಮದುವೆಗೆ, ಒಂದೆರಡು ಹಾವು ಕಡಿತಕ್ಕೆ ಹೊಸದುರ್ಗ ಕಂಡಿದೆ. ಆಮೇಲೆ ಒಂದು ದಿನ ನಿಂತಿತು. ಟೈರು ಹೋಗಿ ನಾಲ್ಕು ಕಲ್ಲಿನ ಮೇಲೆ ಕೂತಿತು. ಸಾಹೇಬರು ಕೂರುತ್ತಿದ್ದ ಹಿಂದಿನ ಸೀಟಿನಲ್ಲಿ ಕೋಳಿ ಮೊಟ್ಟೆ ಇಟ್ಟಿತು.

ಇದನ್ನು ಎಬ್ಬಿಸಬೇಕು ಎಂದು ಹೊರಟವರು ನಾವು ನಾಲ್ಕು ಜನ. ಡಿಗ್ರಿ ಮುಗಿಸಿ ಅರ್ಜಿ ಹಾಕಿಕೊಂಡು ಕೂತವರು ಮೂವರು. ನಾಲ್ಕನೆಯವನು ಬೆಂಗಳೂರಿನಲ್ಲಿ ಟಿಂಕರಿಂಗ್ ಕಲಿತು ಊರಿಗೆ ವಾಪಸು ಬಂದವನು. ನಮ್ಮಲ್ಲಿ ಕೆಲಸ ಬಲ್ಲವನು ಅವನೊಬ್ಬನೇ. ಎಂಜಿನ್ ಕೆಲಸಕ್ಕೆ ಹೊಸದುರ್ಗದಿಂದ ವಯಸ್ಸಾದ ಮಿಸ್ತ್ರಿಯೊಬ್ಬರು ಶುಕ್ರವಾರ ನಮಾಜು ಮುಗಿಸಿ ಬರುತ್ತಾರೆ. ಕೂಲಿ ಎಷ್ಟು ಎಂದು ಕೇಳಿದರೆ, 'ಮೊದ್ಲು ಸ್ಟಾರ್ಟ್ ಆಗ್ಲಿ ಬಿಡ್ರಪ್ಪಾ' ಅನ್ನುತ್ತಾರೆ. ಪೇಟೆಯಲ್ಲಿ ಇದಕ್ಕೆ ಹೋಮ್ ಗ್ಯಾರೇಜು ಅನ್ನುತ್ತಾರಂತೆ. ನಮ್ಮ ಗ್ಯಾರೇಜಿನಲ್ಲಿ ಇನ್ನೂ ಗೊಂತು ಇದೆ.

ಬಾಗಿಲ ಮೇಲೆ ಎಮರಿ ಪೇಪರು ತಿಕ್ಕುತ್ತಾ ಹೋದಂತೆ ಮೇಲಿನ ಬಿಳಿ ಹೋಯಿತು. ಅದರ ಕೆಳಗೆ ಕೆನೆ ಬಣ್ಣ ಬಂತು, ಕಂಟ್ರಾಕ್ಟರನ ಮಗಳ ಮದುವೆಗೆ ಹೊಡೆಸಿದ್ದಂತೆ. ಅದರ ಕೆಳಗೆ ಮತ್ತೆ ಬಿಳಿ, ಇಲಾಖೆಯದು. ಅದಕ್ಕೂ ಕೆಳಗೆ ಬೂದು ಪ್ರೈಮರು, ಕೊನೆಗೆ ತಗಡು. ಎಡಗಡೆ ಮಡ್‌ಗಾರ್ಡಿನಲ್ಲಿ ತಗಡೂ ಇರಲಿಲ್ಲ. ಯಾವುದೋ ಕಾಲದಲ್ಲಿ ಯಾರೋ ಟಿಂಕರು ಎಣ್ಣೆ ಡಬ್ಬಿಯ ತುಂಡನ್ನು ಬೆಸೆದು ಪುಟ್ಟಿ ತುಂಬಿದ್ದ. ಮೂಲದಂತೆ ಮಾಡೋಣ ಎಂದು ಹೊರಟವರಿಗೆ ಮೊದಲ ವಾರವೇ ಪ್ರಶ್ನೆ ಎದ್ದಿತು. ಮೂಲ ಅಂದರೆ ಇದರಲ್ಲಿ ಯಾವ ಪದರ?

ಇನ್ನೂ ಕೆಳಗೆ ಇಳಿದರೆ ಕಾರಿನ ಹುಟ್ಟೇ ಗೊಂದಲ. ಅಂಬಾಸಿಡರ್ ಎಂದರೆ ಭಾರತದ ಕಾರು, ಸರ್ಕಾರದ ಗತ್ತು ಎಂದೆಲ್ಲ ಹೇಳುತ್ತಾರೆ. ಅದರ ಅಚ್ಚು ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಸೀರೀಸ್ ತ್ರೀ. 1950ರ ದಶಕದ ಕೊನೆಯಲ್ಲಿ ಹಿಂದೂಸ್ತಾನ್ ಮೋಟಾರ್ಸ್ ಆ ಅಚ್ಚನ್ನು ಬಂಗಾಳದ ಉತ್ತರಪಾಡಾದಲ್ಲಿ ಇಳಿಸಿಕೊಂಡು ಬೇರೆ ಹೆಸರು ಇಟ್ಟಿತು. 1489 ಸಿ.ಸಿ.ಯ ಎಂಜಿನ್ನೂ ಅಲ್ಲಿಯದೇ. ಮುಂದೆ ಗ್ರಿಲ್ಲು ಬದಲಾಯಿತು, ಡೀಸೆಲ್ ಎಂಜಿನ್ ಬಂತು, 1990ರ ದಶಕದಲ್ಲಿ ಜಪಾನಿನ ಇಸುಜು ಎಂಜಿನ್ ಬಂತು. 2014ರ ಮೇ ತಿಂಗಳಲ್ಲಿ ಕಾರ್ಖಾನೆಯ ಕೆಲಸ ನಿಂತಿತು. ಉತ್ತರಪಾಡಾದ ಕೆಲಸಗಾರರು ಗೇಟಿನ ಹೊರಗೆ ಉಳಿದರು. ಆಮೇಲೆ 2017ರಲ್ಲಿ ಅಂಬಾಸಿಡರ್ ಎಂಬ ಹೆಸರನ್ನು ಫ್ರಾನ್ಸಿನ ಪೂಜೋ ಕಂಪನಿಗೆ 80 ಕೋಟಿ ರೂಪಾಯಿಗೆ ಮಾರಿದರು. ಗಮನಿಸಿ, ಮಾರಿದ್ದು ಹೆಸರನ್ನು. ಕಬ್ಬಿಣ ಕಾಸಿದವರ, ಬೋಲ್ಟು ಬಿಗಿದವರ ಮೈಬೆವರಿಗೆ ಹತ್ತಿದ ಬೆಲೆಗಿಂತ ಮೇಲಿನ ಬೆಲೆ ಒಂದು ಹೆಸರಿಗೆ ಹತ್ತುತ್ತದೆ ಎಂಬುದು ಈ ದೇಶದಲ್ಲಿ ನಮಗೆ ಹೊಸ ಪಾಠವೇನಲ್ಲ.

ಹೆಸರಿನ ಮಾತು ಬಂದಾಗ ನಾಗಸೇನನ ರಥ ನೆನಪಾಗುತ್ತದೆ. 'ಮಿಲಿಂದ ಪ್ರಶ್ನೆ' ಎಂಬ ಪಾಳಿ ಗ್ರಂಥದಲ್ಲಿ ಯವನ ರಾಜ ಮಿಲಿಂದ ಮತ್ತು ಬೌದ್ಧ ಭಿಕ್ಷು ನಾಗಸೇನ ಮಾತಿಗೆ ಕೂರುತ್ತಾರೆ. ರಾಜ ಬಂದದ್ದು ರಥದಲ್ಲಿ. ಭಿಕ್ಷು ಅದನ್ನೇ ಹಿಡಿದುಕೊಂಡು ಕೇಳುತ್ತಾ ಹೋಗುತ್ತಾನೆ. ಅಚ್ಚು ರಥವೋ, ಗಾಲಿ ರಥವೋ, ನೊಗ ರಥವೋ, ಎಲ್ಲವನ್ನೂ ಗುಡ್ಡೆ ಹಾಕಿದರೆ ಅದು ರಥವೋ? ರಾಜ ಎಲ್ಲಕ್ಕೂ ಇಲ್ಲ ಎನ್ನುತ್ತಾನೆ. ಹಾಗಾದರೆ ನೀನು ಬಂದ ರಥ ಎಲ್ಲಿದೆ ಎನ್ನುತ್ತಾನೆ ಭಿಕ್ಷು. ಕೊನೆಗೆ ಇವೆಲ್ಲ ಕೂಡಿದಾಗ ಬಳಕೆಗೆ ಇಟ್ಟುಕೊಂಡ ಹೆಸರು ರಥ, ಒಳಗೆ ಬೇರೆ ಯಾವ ತಿರುಳೂ ಕೂತಿಲ್ಲ ಎಂಬಲ್ಲಿಗೆ ಮಾತು ಮುಟ್ಟುತ್ತದೆ. ಮನುಷ್ಯನೂ ಹಾಗೇ ಎಂದು ಹೇಳುವುದಕ್ಕೇ ಭಿಕ್ಷು ರಥವನ್ನು ಎಳೆದು ತಂದದ್ದು. ಬಾಬಾಸಾಹೇಬರು 1950ರಲ್ಲಿ ಆಗಿನ ಔರಂಗಾಬಾದಿನಲ್ಲಿ ತೆರೆದ ಕಾಲೇಜಿಗೆ ಈ ಮಿಲಿಂದನ ಹೆಸರೇ ಬಂತು.

ಇದನ್ನು ಕೊಟ್ಟಿಗೆಯಲ್ಲಿ ಓದಿ ಹೇಳಿದಾಗ ಮಿಸ್ತ್ರಿ ಕಾರ್ಬ್ಯುರೇಟರ್ ಜೆಟ್ಟು ಊದುತ್ತಾ, 'ಆ ಸ್ವಾಮಿ ಗ್ಯಾರೇಜ್‌ನಾಗೆ ಕೆಲ್ಸ ಮಾಡಿರ್ಬೇಕು' ಅಂದರು. ನಕ್ಕೆವು. ಆದರೆ ಅವರ ಮಾತಲ್ಲಿ ನಿಜ ಇತ್ತು. ಬಿಚ್ಚಿ ಜೋಡಿಸುವವನಿಗೆ ತಿರುಳಿನ ಭ್ರಮೆ ಉಳಿಯುವುದಿಲ್ಲ. ಒಂದು ಕಾರಿನ ಡೈನಮೋ ಇನ್ನೊಂದಕ್ಕೆ ಕೂರುತ್ತದೆ. ಅಳತೆ ಸರಿಯಿದ್ದರೆ ಸಾಕು, ಯಾರ ಮನೆಯದು ಎಂದು ಕೇಳುವುದಿಲ್ಲ. ಹುಟ್ಟಿನಿಂದಲೇ ಒಳಗೊಂದು ಮೇಲುಕೀಳಿನ ತಿರುಳು ಇದೆ, ಅದು ಬದಲಾಗದು ಎಂಬುದು ಏನನ್ನೂ ಬಿಚ್ಚಿ ನೋಡದವರು ಕಟ್ಟಿದ ಸಿದ್ಧಾಂತ.

ನಮ್ಮ ಟಿಂಕರ್ ಗೆಳೆಯ ಬೆಂಗಳೂರಿನಲ್ಲಿ ಕಂಡದ್ದನ್ನು ಇಲ್ಲಿ ಹೇಳಬೇಕು. ಅವನು ಎರಡು ವರ್ಷ ಒಬ್ಬ ಉಳ್ಳವರ ಮನೆಯ ಗ್ಯಾರೇಜಿನಲ್ಲಿ ದುಡಿದ. ನೆಲಕ್ಕೆ ಟೈಲ್ಸು, ಗೋಡೆಗೆ ಸಾಲಾಗಿ ಸ್ಪಾನರು, ಮೇಲೆ ಹಗಲಿನಂಥ ಬೆಳಕು. ನಮ್ಮ ಎರಡು ಮನೆ ಸೇರಿಸಿದರೂ ಆ ಗ್ಯಾರೇಜಿನಷ್ಟು ಆಗುವುದಿಲ್ಲವಂತೆ. ಅಲ್ಲಿ 1950ರ ದಶಕದ ಒಂದು ಕಾರನ್ನು ಎಬ್ಬಿಸಿದರು. ಜೆ.ಸಿ. ರೋಡಿನ ಅಂಗಡಿ, ಶಿವಾಜಿನಗರದ ಗುಜರಿ ಸುತ್ತಿ ಒಂದು ದೀಪದ ಕನ್ನಡಿಗೆ ತಿಂಗಳುಗಟ್ಟಲೆ ಹುಡುಕಾಟ. ಎಂಜಿನ್ ನಂಬರು, ಚಾಸಿ ನಂಬರು, ದಾಖಲೆ ಮೂರೂ ತಾಳೆಯಾಗಬೇಕಂತೆ. ಅಂಥ ಕಾರಿಗೆ ಮರ್ಯಾದೆ ಹೆಚ್ಚು. ಕುಲ ಕೇಳಿ ಮಣೆ ಹಾಕುವ ಪದ್ಧತಿ ಕಬ್ಬಿಣಕ್ಕೂ ಬಂತಲ್ಲ ಎಂದು ನಾವು ತಮಾಷೆ ಮಾಡಿದೆವು. ಗೆಳೆಯ ನಗಲಿಲ್ಲ. ಬಾಗಿಲ ತಗಡನ್ನು ಅವನು ಮರದ ಸುತ್ತಿಗೆಯಲ್ಲಿ ಬಡಿದೂ ಬಡಿದೂ, ಕಣ್ಣು ಮುಚ್ಚಿ ಅಂಗೈ ಆಡಿಸಿ, ಎಲ್ಲಿ ಉಬ್ಬು ಎಲ್ಲಿ ತಗ್ಗು ಎಂದು ಕೈಯಲ್ಲೇ ಓದಿ ಸಮ ಮಾಡಿದವನು. ಪ್ರದರ್ಶನದ ದಿನ ಕಾರಿನ ಮುಂದೆ ಒಂದು ಚೀಟಿ ನಿಲ್ಲಿಸಿದ್ದರು. ಕಾರಿನ ಹೆಸರು, ಹುಟ್ಟಿದ ವರ್ಷ, ಮಾಲೀಕರ ಹೆಸರು, ಅವರ ಶ್ರದ್ಧೆಯ ಬಗ್ಗೆ ಎರಡು ಸಾಲು. ಬಡಿದವನ ಹೆಸರು ಇರಲಿಲ್ಲ, ಬಣ್ಣ ಹೊಡೆದವನದೂ ಇರಲಿಲ್ಲ. 'ಹೆಸ್ರು ಹೋಗ್ಲಿ. ಒಂದ್ಸಲ ಒಳಗೆ ಕೂತು ನೋಡು ಅನ್ಲಿಲ್ಲ' ಅಂದ ಅವನು. ಅಷ್ಟೇ ಹೇಳಿದ.

ಹಾಗೆಂದು ಹಳೆಯದನ್ನು ಕಾಪಾಡುವುದೇ ತಪ್ಪು ಎನ್ನುವವರು ನಾವಲ್ಲ. ಧರ್ಮಸ್ಥಳದ ಮಂಜೂಷಾ ಸಂಗ್ರಹಾಲಯದಲ್ಲಿ, ಶ್ರೀರಂಗಪಟ್ಟಣದ ಹತ್ತಿರ ಹೆದ್ದಾರಿ ಪಕ್ಕದ ಪಯಣ ಸಂಗ್ರಹಾಲಯದಲ್ಲಿ ಹಳೇ ಕಾರುಗಳು ಹೊಳೆಯುತ್ತಾ ನಿಂತಿವೆ. ಶಾಲೆ ಮಕ್ಕಳು ಹೋಗಿ ನೋಡುವುದು ಒಳ್ಳೆಯದೇ. ಆದರೆ ಓಡುವುದಕ್ಕೆ ಹುಟ್ಟಿದ್ದನ್ನು ಹಗ್ಗ ಕಟ್ಟಿ ನಿಲ್ಲಿಸಿದಾಗ ಜಂಗಮ ಸ್ಥಾವರವಾಗುತ್ತದೆ. ಸ್ಥಾವರಕ್ಕೆ ಕೂಡಲೇ ಪೂಜಾರಿ ಹುಟ್ಟುತ್ತಾನೆ, ಮುಟ್ಟಬೇಡಿ ಎಂಬ ಬೋರ್ಡು ಬರುತ್ತದೆ. ಆ ಬೋರ್ಡು ಕಂಡರೆ ನಮ್ಮ ಜನಕ್ಕೆ ಯಾವ ನೆನಪು ಬರುತ್ತದೆ ಎಂದು ಬಿಡಿಸಿ ಬರೆಯಬೇಕಿಲ್ಲ.

ಕಾನೂನು ಏನು ಹೇಳುತ್ತದೆ ನೋಡಿ. 2021ನೇ ಇಸವಿ ಈ ವಿಷಯದಲ್ಲಿ ಸ್ವಾರಸ್ಯದ ಇಸವಿ. ಆ ಜುಲೈನಲ್ಲಿ ಕೇಂದ್ರದ ರಸ್ತೆ ಸಾರಿಗೆ ಮಂತ್ರಾಲಯ ವಿಂಟೇಜ್ ವಾಹನಗಳಿಗೆ ನಿಯಮ ತಂದಿತು. 50 ವರ್ಷ ದಾಟಿರಬೇಕು, ಮೂಲ ರೂಪದಲ್ಲಿರಬೇಕು, ಚಾಸಿ, ಬಾಡಿ, ಎಂಜಿನ್ನಿನಲ್ಲಿ ದೊಡ್ಡ ಬದಲಾವಣೆ ಆಗಿರಬಾರದು. ಹೊಸದಾಗಿ ನೋಂದಾಯಿಸಲು 20,000 ರೂಪಾಯಿ, 'ವಿಎ' ಎಂಬ ಅಕ್ಷರವಿರುವ ಬೇರೆ ನಂಬರು. ಪ್ರದರ್ಶನಕ್ಕೆ, ರ‍್ಯಾಲಿಗೆ, ಸಂಶೋಧನೆಗೆ, ಪೆಟ್ರೋಲು ಹಾಕಿಸಲಿಕ್ಕೆ, ರಿಪೇರಿಗೆ ರಸ್ತೆಗೆ ತರಬಹುದು. ಆಸ್ಪತ್ರೆಗೆ ಎಂಬುದು ಆ ಪಟ್ಟಿಯಲ್ಲಿ ಇಲ್ಲ. ಅದೇ ವರ್ಷದ ಆಗಸ್ಟ್ 13ರಂದು ಹಳೇ ವಾಹನ ಗುಜರಿ ನೀತಿಗೆ ಪ್ರಧಾನಿಯವರಿಂದ ಚಾಲನೆ ಆಯಿತು. ಮುಂದೆ 2023ರ ಏಪ್ರಿಲ್ 1ರಿಂದ 15 ವರ್ಷ ದಾಟಿದ ಸರ್ಕಾರಿ ವಾಹನಗಳ ನೋಂದಣಿ ನವೀಕರಣವೇ ಇಲ್ಲ, ನೇರ ಗುಜರಿ ಕೇಂದ್ರಕ್ಕೆ ಎಂದಾಯಿತು. ಹೊಗೆ ಕಡಿಮೆಯಾಗಬೇಕು, ಅಪಘಾತ ಕಡಿಮೆಯಾಗಬೇಕು, ಒಪ್ಪೋಣ. ಆದರೆ ಲೆಕ್ಕ ಹಾಕಿ. 50 ದಾಟಿ ಯಾರದೋ ಟೈಲ್ಸ್ ನೆಲದ ಮೇಲೆ ನಿಂತರೆ ಅದು ಪರಂಪರೆ. 15 ದಾಟಿ ಓಡುತ್ತಿದ್ದರೆ ಅದು ಪೀಡೆ. ನಡುವಿನ 35 ವರ್ಷ ಕಾರನ್ನು ಸುಮ್ಮನೆ ನಿಲ್ಲಿಸಿಕೊಂಡು ಕಾಯಬಲ್ಲ ಜಾಗ, ದುಡ್ಡು, ಪುರಸೊತ್ತು ಯಾರಿಗಿದೆಯೋ ಅವರಿಗೆ ಪರಂಪರೆ ಸಿಕ್ಕುತ್ತದೆ. ನಮ್ಮ ಕಾರಿಗೆ 50 ತುಂಬುವುದು 2034ಕ್ಕೆ. ಎಣ್ಣೆ ಡಬ್ಬಿಯ ತಗಡು ಬೆಸೆದುಕೊಂಡ ಅದನ್ನು ಆಗಲೂ ಯಾರಾದರೂ ಮೂಲ ಎನ್ನುತ್ತಾರೆಂಬ ಆಸೆ ನಮಗಿಲ್ಲ. ಇನ್ನೊಂದು ಮಾತು, ಸಾಹೇಬರ ಕಾರು ಹರಾಜಿನ ದಾರಿಯಲ್ಲಿ ಉರುಳಿ ಕೇರಿಗೆ ಬರುವ ಕಥೆ ಇಲ್ಲಿಗೆ ಮುಗಿಯಿತು. ಇನ್ನು ಮೇಲೆ ಅದು ಯಂತ್ರದ ಬಾಯಿಗೆ ಹೋಗುತ್ತದೆ.

ರೆಸ್ಟೋರೇಶನ್ ಎಂಬುದಕ್ಕೆ ನಮ್ಮಲ್ಲಿ ಮೊದಲಿಂದ ಇರುವ ಮಾತು ಜೀರ್ಣೋದ್ಧಾರ. ಹತ್ತಾರು ಊರುಗಳಲ್ಲಿ ದೇವಸ್ಥಾನದ ಜೀರ್ಣೋದ್ಧಾರಕ್ಕೆ ನಮ್ಮ ಹಿರಿಯರು ಕಲ್ಲು ಹೊತ್ತರು, ಗಾರೆ ಕಲಸಿದರು. ಕಳಸ ಏರಿದ ದಿನ ಗುಡಿ ಶುದ್ಧವಾಯಿತು, ಹೊತ್ತವರು ಹೊರಗೆ ನಿಂತರು. ಶುದ್ಧ ಮಾಡುವುದು ಎಂದರೆ ಕೆಲಸ ಮಾಡಿದವರ ಕೈಗುರುತನ್ನು ತೊಳೆದು ಹಾಕುವುದು ಎಂದು ಅಂದಿನಿಂದ ನಮಗೆ ಅರ್ಥ.

ಇನ್ನೊಂದು ಮಾತು ನಮ್ಮದು: ಆಲ್ಟ್ರೇಶನ್. ಟೈಲರ್ ಅಂಗಡಿಯ ಮಾತು. ಅಣ್ಣನ ಪ್ಯಾಂಟಿನ ಕಾಲು ಮಡಿಸಿ, ಸೊಂಟಕ್ಕೆ ಟಕ್ಕು ಹಿಡಿದು ತಮ್ಮ ಹಾಕಿಕೊಳ್ಳುತ್ತಾನೆ. ಅವ್ವನ ಸೀರೆ ಕೌದಿಯಾಗುತ್ತದೆ, ಕೌದಿ ತೊಟ್ಟಿಲ ಹಾಸಾಗುತ್ತದೆ. ಹಾಸ್ಟೆಲ್ಲಿಗೆ ಹೋಗುವಾಗ ನಮ್ಮ ಮೈಮೇಲೆ ಇದ್ದದ್ದೆಲ್ಲ ಆಲ್ಟ್ರೇಶನ್ನೇ. ನಮ್ಮ ಎತ್ತಿನ ಗಾಡಿಗಳನ್ನು ನೋಡಿ. ಮರದ ಗಾಲಿ ಹೋಗಿ, ಲಾರಿ ಕಾರುಗಳಿಂದ ಕಳಚಿದ ಟೈರು ಬಂತು. ಎತ್ತಿನ ಕುತ್ತಿಗೆಗೆ ಭಾರ ಕಡಿಮೆಯಾಯಿತು. ಟೈರು ಗಾಡಿಯನ್ನು ಯಾರೂ ಗಾಡಿಯ ಮೂಲರೂಪ ಕೆಟ್ಟಿತು ಎಂದು ದೂರಲಿಲ್ಲ, ಎತ್ತಂತೂ ದೂರಲಿಲ್ಲ. ಪೇಟೆಯಲ್ಲಿ ಹುಡುಗರು ಕಾರಿಗೆ ದಪ್ಪ ಗಾಲಿ, ಬಣ್ಣದ ದೀಪ ಹಾಕಿಸಿ ಕಸ್ಟಮ್ ಮಾಡಿಸಿದ್ದೇವೆ ಎನ್ನುತ್ತಾರೆ. ಅದು ಬೇಸರಕ್ಕೆ ಮಾಡಿದ ಬದಲಾವಣೆ. ನಮ್ಮದು ಗತಿಯಿಲ್ಲದೆ ಮಾಡಿದ ಬದಲಾವಣೆ. ಎರಡಕ್ಕೂ ಒಂದೇ ಹೆಸರಿಡುವುದು ಉಪವಾಸಕ್ಕೂ ಏಕಾದಶಿಗೂ ಒಂದೇ ಹೆಸರಿಟ್ಟಂತೆ.

ಈಗ ನಮ್ಮ ಕೊಟ್ಟಿಗೆಯ ಜಗಳಕ್ಕೆ ಬರೋಣ. ಜಗಳ ಎದ್ದದ್ದು ಬಣ್ಣದ ಮೇಲೆ. ನಾವು ಹುಡುಗರು ನೀಲಿ ಎಂದೆವು. ಬಿಳಿ ಅಂಬಾಸಿಡರ್ ಎಂದರೆ ನಮ್ಮ ಕಣ್ಣಿಗೆ ಕಾಣುವುದು ಧೂಳೆಬ್ಬಿಸಿಕೊಂಡು ಬಂದು, ಕೇರಿಯ ತುದಿಯಲ್ಲಿ ಗಾಜು ಇಳಿಸದೆ ತಿರುಗಿ ಹೋಗುವ ಅಧಿಕಾರ. ಮೇಲಿನ ಕೆಂಪು ದೀಪವನ್ನು 2017ರ ಮೇ 1ರಿಂದ ತೆಗೆಸಿದರು. ದೀಪ ಹೋದರೂ ಬಿಳಿಯ ಹೆದರಿಕೆ ಹೋಗಲಿಲ್ಲ. ಅದನ್ನು ನಾವೇ ಬೆವರು ಸುರಿಸಿ ಮತ್ತೆ ಫಳಫಳ ಹೊಳೆಸುವುದು ಎಂದರೆ ಬಿಟ್ಟಿ ಚಾಕರಿ ಎಂದು ವಾದಿಸಿದೆವು.

ದೊಡ್ಡಪ್ಪ ಬೀಡಿ ಆರಿಸಿ ಎದ್ದು ಕೂತ. 'ಬಿಳೀನೇ ಇರ್ಲಿ ಕಣ್ರಲಾ. ಆ ಕಾರು ಬಂದ್ರೆ ಊರಿಗ್ ಊರೇ ಎದ್ದು ನಿಂತ್ಕಂತಿತ್ತು. ಮೂವತ್ತು ವರ್ಷ ಸ್ಟೇರಿಂಗ್ ಹಿಡ್ದೀನಿ. ಹಿಂದಿನ್ ಸೀಟ್ನಾಗೆ ಒಂದಿನ ಕೂತಿಲ್ಲ. ನೀವು ಓಡಿಸ್ರಿ, ನಾನು ಹಿಂದೆ ಕೂತ್ಕಂಡು ಹೊಸದುರ್ಗಕ್ಕೆ ಹೋಗ್ಬೇಕು. ನೀಲಿ ಬಳುದ್ರೆ ಅದು ನಿಮ್ ಕಾರು ಆಗ್ತೈತೆ. ನಂಗೆ ಬೇಕಾಗಿರೋದು ಆ ಸಾಹೇಬ್ನ ಕಾರು.'

ಈ ಮಾತಿಗೆ ನಮ್ಮಲ್ಲಿ ಉತ್ತರ ಸಿದ್ಧ ಇರಲಿಲ್ಲ. ಇದನ್ನು ಗುಲಾಮ ಮನಸ್ಸು ಎಂದು ತಳ್ಳಿಬಿಡುವುದು ಸುಲಭ. ಡಿಗ್ರಿ ಓದಿದವರಿಗೆ ಅಂಥ ಮಾತು ನಾಲಿಗೆ ತುದಿಯಲ್ಲೇ ಇರುತ್ತದೆ. ಆದರೆ ದೊಡ್ಡಪ್ಪ ಕೇಳುತ್ತಿರುವುದು ಲೆಕ್ಕ ಚುಕ್ತಾ. ಯಾವ ಆಸನದಿಂದ ಅವನನ್ನು ದೂರ ಇಟ್ಟಿದ್ದರೋ ಅದೇ ಆಸನ, ಅದೇ ಬಣ್ಣ, ಅದೇ ಹೊಳಪು ಬೇಕು; ನಾವು ಬಣ್ಣ ಬದಲಿಸಿದ ಕೂಡಲೇ ಸಾಲಗಾರ ತಪ್ಪಿಸಿಕೊಂಡು ಹೋಗುತ್ತಾನೆ.

ಗಾಡಿಯಲ್ಲಿ ಯಾರು ಕೂರಬೇಕು, ಯಾರು ಓಡಿಸಬೇಕು ಎಂಬುದು ಸಣ್ಣ ಪ್ರಶ್ನೆಯಾಗಿ ಈ ದೇಶದಲ್ಲಿ ಯಾವತ್ತೂ ಇರಲಿಲ್ಲ. ಬಾಬಾಸಾಹೇಬರು ತಮ್ಮ ನೆನಪುಗಳಲ್ಲಿ ಎರಡು ಪ್ರಸಂಗ ಬರೆದಿದ್ದಾರೆ. 1901ರಲ್ಲಿ, ಅವರು ಹುಡುಗನಾಗಿದ್ದಾಗ, ತಂದೆಯನ್ನು ನೋಡಲು ಹೊರಟ ಮಕ್ಕಳ ಜಾತಿ ತಿಳಿದು ಎತ್ತಿನ ಗಾಡಿಯವರು ಹಿಂಜರಿದರು. ಕೊನೆಗೆ ಒಬ್ಬ ಎರಡು ಪಟ್ಟು ಬಾಡಿಗೆಗೆ ಒಪ್ಪಿದ, ಗಾಡಿಯನ್ನು ಮಕ್ಕಳೇ ಹೊಡೆಯಬೇಕು, ತಾನು ಪಕ್ಕದಲ್ಲಿ ನಡೆದು ಬರುತ್ತೇನೆ ಎಂಬ ಷರತ್ತಿನ ಮೇಲೆ. 1929ರಲ್ಲಿ ಚಾಳೀಸ್‌ಗಾಂವ್‌ನಲ್ಲಿ, ಆಗ ಅವರು ಬ್ಯಾರಿಸ್ಟರು, ಸರ್ಕಾರದ ಸಮಿತಿಯ ಸದಸ್ಯರು, ಅವರನ್ನು ಕೂರಿಸಿಕೊಂಡು ಓಡಿಸಲು ಟಾಂಗಾದವನೊಬ್ಬನೂ ಒಪ್ಪಲಿಲ್ಲ. ಕೇರಿಯವರು ಟಾಂಗಾ ಮಾತ್ರ ಬಾಡಿಗೆಗೆ ತಂದರು. ಓಡಿಸಲು ಬಾರದ ನಮ್ಮವನೊಬ್ಬ ಓಡಿಸಿದ. ಮೋರಿಯ ಮೇಲೆ ಗಾಲಿ ಸಿಕ್ಕಿ ಬಾಬಾಸಾಹೇಬರು ಕಲ್ಲ ಮೇಲೆ ಎಸೆಯಲ್ಪಟ್ಟರು, ಕಾಲು ಮುರಿಯಿತು. ಈ ಎರಡನೇ ಪ್ರಸಂಗವನ್ನು ನಾವು ಭಾಷಣದಲ್ಲಿ ಅವಮಾನದ ಕಥೆಯಾಗಿ ಮಾತ್ರ ಹೇಳುತ್ತೇವೆ. ಅದರಲ್ಲಿ ಇನ್ನೊಂದು ಸುದ್ದಿಯೂ ಇದೆ. ಗಾಡಿ ಸಿಕ್ಕಿತು, ಅದನ್ನು ಓಡಿಸುವ ವಿದ್ಯೆ ಕೇರಿಯಲ್ಲಿ ಇರಲಿಲ್ಲ. ದೊಡ್ಡಪ್ಪನ ತಲೆಮಾರು ಆ ವಿದ್ಯೆ ಕಲಿಯಿತು. ಲಾರಿ ಕ್ಲೀನರಾಗಿ, ಏಟು ತಿಂದು, ಗ್ರೀಸು ತಿಕ್ಕಿ ಕಲಿಯಿತು. ನಮ್ಮ ಟಿಂಕರನ ತಲೆಮಾರು ಅದನ್ನು ಬಿಚ್ಚಿ ಜೋಡಿಸುವ ವಿದ್ಯೆ ಕಲಿತಿದೆ. ಹಿಂದಿನ ಸೀಟಿನಲ್ಲಿ ಕೂರುವ ವಿದ್ಯೆ ಮಾತ್ರ ಬಾಕಿ ಎಂಬುದು ದೊಡ್ಡಪ್ಪನ ವಾದ. ಅದನ್ನು ಹಗುರಾಗಿ ತಳ್ಳಲಾಗದು.

ಅಂದು ಟಿಂಕರ್ ಗೆಳೆಯ ನಡುವೆ ಬಾಯಿ ಹಾಕಿದ. 'ಅಂಬೇಡ್ಕರು ಹಾಕಿದ್ದು ಸಾಹೇಬ್ರ ಸೂಟೇ ತಾನೆ? ಒಂದು ಗುಂಡಿ ಬಿಡ್ದಂಗೆ ಪೂರ್ತಿ ಸೂಟು. ಊರೂರ್ನಾಗೆ ಪ್ರತಿಮೆ ನಿಲ್ಸಿ ನಾವು ಅದುಕ್ಕೆ ಬಳಿದಿರೋ ಬಣ್ಣ ಯಾವ್ದು?' ದೊಡ್ಡಪ್ಪ ಏನೂ ಹೇಳಲಿಲ್ಲ. ಆದರೆ ಬೀಡಿಯನ್ನೂ ಮತ್ತೆ ಹಚ್ಚಲಿಲ್ಲ.

ಅಜ್ಜಿಗೆ ಈ ಚರ್ಚೆಯೆಲ್ಲ ಹೊಟ್ಟೆ ತುಂಬಿದವರ ಮಾತು. 'ಬಣ್ಣ ಯಾವ್ದಾದ್ರೂ ಬಳ್ಕಳ್ರಪ್ಪಾ. ಹೆರಿಗೆ ನೋವು ಬಂದ್ರೆ ದೊಡ್ಡಾಸ್ಪತ್ರೆ ಮುಟ್ಟುಸ್ತೈತಾ ಅದು?' ಎಂದಳು. 108ರ ಗಾಡಿ ಇದೆಯಲ್ಲ ಎಂದರೆ, ಇದೆ, ಬರುತ್ತದೆ, ಅದು ಬರುವವರೆಗಿನ ಹೊತ್ತು ಯಾರ ಪಾಲಿಗೆ ಎಂದು ಕೇಳುತ್ತಾಳೆ. ಅಜ್ಜಿಯ ಮಾತಿನಿಂದ ನಮಗೆ ಹೊಳೆದದ್ದು, ಮುಂದಿನ ಉದ್ದ ಸೀಟನ್ನು ಎರಡು ಮಾಡಿ ಡ್ರೈವರ್ ಪಕ್ಕದ ಭಾಗ ಮಡಚುವಂತೆ ಮಾಡಿದರೆ, ಹಿಂದಿನ ಸೀಟಿಗೆ ಕಾಲು ಚಾಚಿ ಒಬ್ಬರು ಮಲಗಬಹುದು ಎಂದು.

ಅಲ್ಲಿ ಮತ್ತೆ ಕಾನೂನು ಅಡ್ಡ ನಿಂತಿತು. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ಕಂಪನಿ ಕೊಟ್ಟ ವಿವರಕ್ಕೆ ಬೇರೆಯಾಗುವಂತೆ ವಾಹನವನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಕೇರಳದ ಪ್ರಕರಣದಲ್ಲಿ ಇದನ್ನೇ ಗಟ್ಟಿ ಮಾಡಿ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ, ಅನುಮತಿಯಿಲ್ಲದ ಒಂದೊಂದು ಬದಲಾವಣೆಗೂ ಮಾಲೀಕನಿಗೆ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಸೆರೆ, ಇಲ್ಲವೇ ಎರಡೂ. ಬಣ್ಣ ಬದಲಾದರೂ ಆರ್.ಸಿ.ಯಲ್ಲಿ ಬರೆಸಬೇಕು. ಇದನ್ನು ಓದಿ ನಮ್ಮಲ್ಲಿ ಒಬ್ಬ ಮನುಸ್ಮೃತಿ ಎಂದು ಕೂಗಿದ. ಕೂಗು ಚೆನ್ನಾಗಿತ್ತು, ಆದರೆ ಮಿಸ್ತ್ರಿ ಒಪ್ಪಲಿಲ್ಲ. ಸೀಟಿನ ಬೋಲ್ಟು ಸಡಿಲವಾಗಿ ಕೂರಿಸಿದ ಗಾಡಿ ಗುದ್ದಿದಾಗ ಒಳಗಿದ್ದವರು ಏನಾದರು ಎಂಬುದನ್ನು ಅವರು ಕಣ್ಣಾರೆ ಕಂಡವರು. ಬ್ರೇಕು, ಸ್ಟೇರಿಂಗು, ಕಮಾನು ಪಟ್ಟಿ ಇವುಗಳಲ್ಲಿ ಕಂಪನಿ ಹೇಳಿದ ಅಳತೆ ಬಿಟ್ಟರೆ ತಾನು ಕೈ ಹಾಕುವುದಿಲ್ಲ ಎಂದರು. ನಾವು ಇಲ್ಲಿ ಒಂದು ಭೇದ ಕಂಡೆವು. ಜೀವ ಉಳಿಸಲು ಮೂಲದ ಅಳತೆ ಹಿಡಿಯುವುದು ಒಂದು, ಮರ್ಯಾದೆ ಅಳೆಯಲು ಮೂಲ ಹಿಡಿಯುವುದು ಇನ್ನೊಂದು. ಬ್ರೇಕಿನ ಅಳತೆಗೆ ಕಾರಣ ಕೇಳಿದರೆ ಮಿಸ್ತ್ರಿ ಹೇಳಬಲ್ಲರು; ಜಾತಿಯ ಅಳತೆಗೆ ಕಾರಣ ಕೇಳಿದರೆ ಹಿಂದಿನಿಂದ ಬಂದಿದೆ ಎಂಬುದೊಂದೇ ಉತ್ತರ. ಕಾರಣ ಹೇಳಲಾಗದ ಮೂಲವನ್ನು ಹೊತ್ತು ತಿರುಗುವುದು ಯಾವ ನೀತಿ?

ಈ ಪ್ರಶ್ನೆ ನಮ್ಮ ಬುಡಕ್ಕೂ ಬರುತ್ತದೆ. ನಮ್ಮ ಮತ್ತೋಡು ಒಂದು ಕಾಲದಲ್ಲಿ ಗಾಜಿನ ಬಳೆಗೆ ಹೆಸರಾದ ಊರು. 1800-01ರಲ್ಲಿ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕನನ್ ಇಲ್ಲಿನ ಗಾಜಿನ ಕೆಲಸದ ಬಗ್ಗೆ ಬರೆದಿಟ್ಟಿದ್ದಾನೆ. ಕಪ್ಪು, ಹಸಿರು, ಕೆಂಪು, ನೀಲಿ, ಹಳದಿ ಗಾಜು. ಬೇಕಾದ ಸಾಮಾನೆಲ್ಲ ಸುತ್ತಮುತ್ತಲ ನೆಲದಲ್ಲೇ ಸಿಕ್ಕುತ್ತಿತ್ತು. ಆ ಕುಲುಮೆಗಳು ಆರಿ ಯಾವ ಕಾಲವಾಯಿತೋ. ಊರ ಇತಿಹಾಸ ಮಾತಾಡುವವರು, ಆ ಪರಂಪರೆಯನ್ನು ಮತ್ತೆ ಎಬ್ಬಿಸಬೇಕು ಎನ್ನುತ್ತಾರೆ. ಕೇಳಲು ಹಿತವಾಗಿದೆ. ಮಣ್ಣಿನಿಂದ ನೀಲಿ ತೆಗೆಯುವ ಆ ವಿದ್ಯೆ ಮತ್ತೆ ಬರುವುದಾದರೆ ನಾವೂ ಸೌದೆ ಹೊರುತ್ತೇವೆ. ಆದರೆ ಯಾವ ಮನೆಯ ಕೂಸು ಜೀವಮಾನವೆಲ್ಲ ಯಾವ ಕೆಲಸಕ್ಕೆ ಕೂರಬೇಕು ಎಂದು ಹುಟ್ಟಿಗೆ ಮುಂಚೆಯೇ ತೀರ್ಮಾನಿಸುತ್ತಿದ್ದ ಕಟ್ಟಳೆಯೂ ಅದೇ ಕಾಲದ ಮೂಲಸ್ವರೂಪವೇ. ಅದನ್ನೂ ಎಬ್ಬಿಸುತ್ತೀರಾ?

ತಮಟೆಯ ವಿಷಯವೂ ಇದೇ. ತಮಟೆ ನಮ್ಮ ಪರಂಪರೆ, ಉಳಿಸಿ ಎಂದು ವೇದಿಕೆಯಿಂದ ಕರೆ ಕೊಡುತ್ತಾರೆ; ನಮ್ಮವರೂ ಕೊಡುತ್ತಾರೆ. ಹೆಣದ ಮುಂದೆ ಬಿಟ್ಟಿ ಬಾರಿಸಿದ್ದು, ಬಾರಿಸದಿದ್ದರೆ ದಂಡ ತೆತ್ತದ್ದು, ಅದೂ ತಮಟೆಯ ಮೂಲಸ್ವರೂಪದಲ್ಲಿ ಸೇರಿದೆ. ನಮ್ಮ ಹುಡುಗಿಯರು ಕಾಲೇಜು ಮೆರವಣಿಗೆಯಲ್ಲಿ ತಮಟೆ ಹಿಡಿದಾಗ ಹಿರಿಯರು ಕೆಲವರು ಮುಖ ಸಿಂಡರಿಸಿದರು, ಹೆಂಗಸರು ಹಿಡಿಯುವ ಪದ್ಧತಿ ಇಲ್ಲ ಅಂತ. ನೋಡಿ, ಮೂಲದ ಕಾವಲುಗಾರರು ಅಗ್ರಹಾರದಲ್ಲಿ ಮಾತ್ರ ಇರುವುದಿಲ್ಲ. ಚರ್ಮದ ಜಾಗಕ್ಕೆ ಪ್ಲಾಸ್ಟಿಕ್ ಹಾಳೆ ಬಂದದ್ದಕ್ಕೂ ಮರುಗುವವರಿದ್ದಾರೆ. ನಾದದಲ್ಲಿ ವ್ಯತ್ಯಾಸ ಇದೆ ಎಂಬುದು ನಿಜ, ನಾವೂ ಕೇಳಿದ್ದೇವೆ. ಆದರೆ ಆ ಚರ್ಮ ಯಾರು ಸುಲಿಯಬೇಕು ಎಂಬ ಪ್ರಶ್ನೆಗೆ ಮರುಗುವವರು ಮುಂದೆ ಬಂದದ್ದನ್ನು ಕಂಡಿಲ್ಲ.

ಆದ್ದರಿಂದ ಕೊಟ್ಟಿಗೆಯಲ್ಲಿ ನಾವು ಮಾಡಿಕೊಂಡಿರುವುದು ತೀರಾ ಸಾಮಾನ್ಯ ಒಪ್ಪಂದ. ಓಡುವ ಭಾಗ, ನಿಲ್ಲಿಸುವ ಭಾಗ ಮಿಸ್ತ್ರಿ ಹೇಳಿದಂತೆ. ಸೀಟಿನ ಬದಲಾವಣೆಯನ್ನು ಕಾಗದದ ಮೇಲೆ ಬರೆದು ಆರ್.ಟಿ.ಓ. ಕಚೇರಿಯಲ್ಲಿ ಮೊದಲು ಕೇಳುವುದು. ಇಲ್ಲ ಎಂದರೆ ಯಾಕೆ ಇಲ್ಲ ಎಂದು ಬರಹದಲ್ಲಿ ಕೇಳುವುದು. ಎಣ್ಣೆ ಡಬ್ಬಿಯ ತಗಡನ್ನು ತೆಗೆಯಬೇಕೆಂದು ಒಬ್ಬ, ಬಿಡಬೇಕೆಂದು ಒಬ್ಬ. ಟಿಂಕರ್ ಗೆಳೆಯ ಅದನ್ನು ತಟ್ಟಿ ನೋಡಿ, ಬೆಸುಗೆ ಇನ್ನೂ ಗಟ್ಟಿ ಇದೆ, ಮಾಡಿದವನು ಕೆಲಸಗಾರ ಎಂದ. ಅದು ಉಳಿಯಿತು. ಅವನು ಯಾರೋ ಗೊತ್ತಿಲ್ಲ, ಇನ್ನು ಹುಡುಕಿ ಸಿಗುವವನೂ ಅಲ್ಲ.

ಡಿಕ್ಕಿಯ ಮುಚ್ಚಳದ ಒಳಮೈ ಬಣ್ಣ ಹೊಡೆಯದೆ ಬಿಡಬೇಕು, ಅಲ್ಲಿ ಕೆಲಸ ಮಾಡಿದವರ ಹೆಸರು ಬರೆಯಬೇಕು ಎಂದು ನಮ್ಮಲ್ಲಿ ಒಬ್ಬ ಹೇಳಿದ. ಮಿಸ್ತ್ರಿ ಬೇಡ ಎಂದರು. ಹೆಸರು ಬರೆದರೆ ಕೆಟ್ಟಾಗ ನನ್ನ ಮನೆಗೇ ಬರುತ್ತೀರಿ ಅಂತ. ಬಣ್ಣದ ತೀರ್ಮಾನ ಇನ್ನೂ ಆಗಿಲ್ಲ. ಸದ್ಯಕ್ಕೆ ಕಾರು ಪೂರ್ತಿ ರೆಡ್ ಆಕ್ಸೈಡಿನಲ್ಲಿ ನಿಂತಿದೆ, ಯಾರ ಪಕ್ಷಕ್ಕೂ ಸೇರದೆ. ಕೇರಿಯ ಮಕ್ಕಳು ಬಂದು ಮುಟ್ಟಿ, ಕೈ ಕೆಂಪಾಗಿಸಿಕೊಂಡು ಹೋಗುತ್ತಾರೆ. ಹಿಂದಿನ ಸೀಟಿನ ಸ್ಪ್ರಿಂಗು ಕಟ್ಟಿಸಲು ಹೊಸದುರ್ಗಕ್ಕೆ ಕೊಟ್ಟಿದ್ದೇವೆ. ಬ್ರೇಕಿನ ಮಾಸ್ಟರ್ ಸಿಲಿಂಡರು ಜೆ.ಸಿ. ರೋಡಿನಿಂದ ಬರಬೇಕು, ಅದಕ್ಕೆ ಇನ್ನೂ ಚಂದಾ ಎತ್ತುತ್ತಿದ್ದೇವೆ.